ಮಿಯಾಟಾದ ಎರಡನೇ ಗೇರು ಮತ್ತು 24 ವರ್ಷದ ಆಯಿಲ್

ಕಾರು 1999ರ ಮಜ್ದಾ ಎಂಎಕ್ಸ್-5 ಮಿಯಾಟಾ. ಎರಡನೇ ತಲೆಮಾರಿನದು, ಇದನ್ನು ಬಲ್ಲವರು ಎನ್‌ಬಿ ಅಂತಾರೆ. 1.8 ಲೀಟರ್ ಎಂಜಿನ್, 140 ಹಾರ್ಸ್ ಪವರ್, ಐದು ಗೇರು, ರಿಯರ್ ವೀಲ್ ಡ್ರೈವ್, ಎರಡೇ ಸೀಟು. ಮಿಶಿಗನ್‌ನಲ್ಲಿ ನಮ್ಮ ಪಕ್ಕದ ಬೀದಿಯಲ್ಲಿರುವ ಒಬ್ಬ ಹಿರಿಯ ಮಹಿಳೆಯಿಂದ 2022ರ ಅಕ್ಟೋಬರಿನಲ್ಲಿ ಕೊಂಡೆ. ಓಡಿದ್ದು ಬರೀ 31 ಸಾವಿರ ಮೈಲಿ, ಅಂದರೆ ಸುಮಾರು 50 ಸಾವಿರ ಕಿಲೋಮೀಟರ್. ಬೇಸಿಗೆಯ ಶನಿವಾರ, ಭಾನುವಾರ ಮಾತ್ರ ಹೊರಗೆ ಬರುತ್ತಿದ್ದ ಕಾರು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಇದಕ್ಕೆ ಹೆಚ್ಚು ತಾಗಿರಲಿಲ್ಲ. ಕೆಳಗೆ ಮಲಗಿ ನೋಡಿದರೆ ತುಕ್ಕು ತುಂಬಾ ಕಡಿಮೆ. ನನಗೆ ಅದೇ ದೊಡ್ಡ ಖುಷಿ.

ಆಕೆ ಕಾರಿನ ಜೊತೆ ಒಂದು ದಪ್ಪ ಫೈಲನ್ನೂ ಕೊಟ್ಟರು. 24 ವರ್ಷದ ಎಲ್ಲ ಬಿಲ್ಲುಗಳೂ ಅದರಲ್ಲಿದ್ದವು. ಎಂಜಿನ್ ಆಯಿಲ್ ಪ್ರತಿ ವರ್ಷ ತಪ್ಪದೇ ಬದಲಾಗಿದೆ. ಬ್ಯಾಟರಿ, ಟೈಮಿಂಗ್ ಬೆಲ್ಟ್, ಬ್ರೇಕ್ ಪ್ಯಾಡ್ ಎಲ್ಲಕ್ಕೂ ಬಿಲ್ಲಿದೆ. ಆದರೆ ಗೇರ್ ಬಾಕ್ಸ್ ಆಯಿಲ್ ಬದಲಾಯಿಸಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಡಿಫರೆನ್ಶಿಯಲ್ (ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ) ಆಯಿಲ್‌ಗೂ ಇಲ್ಲ, ಪೆಡಲ್ ಒತ್ತಿದ್ದನ್ನು ಕ್ಲಚ್ಚಿಗೆ ತಲುಪಿಸುವ ಕ್ಲಚ್ ಫ್ಲೂಯಿಡ್‌ಗೂ ಇಲ್ಲ. ಫೈಲನ್ನು ಎರಡು ಸಲ ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಹಿರೋಶಿಮಾದ ಕಾರ್ಖಾನೆಯಲ್ಲಿ ಹಾಕಿದ ಆಯಿಲೇ ಇನ್ನೂ ಒಳಗಿದೆ ಅಂತ ಆಗ ಅರ್ಥವಾಯಿತು.

ಚಳಿಗಾಲ ಪೂರ್ತಿ ಕಾರು ಗ್ಯಾರೇಜಿನಲ್ಲೇ ಇತ್ತು. 2023ರ ಏಪ್ರಿಲ್‌ನಲ್ಲಿ ಹೊರಗೆ ತೆಗೆದಾಗ ತೊಂದರೆಗಳು ಒಂದೊಂದಾಗಿ ಕಾಣಿಸಿದವು. ಬೆಳಿಗ್ಗೆ ಮೂರು ನಾಲ್ಕು ಡಿಗ್ರಿ ಚಳಿ ಇದ್ದಾಗ ಒಂದನೇ ಗೇರಿನಿಂದ ಎರಡಕ್ಕೆ ಹಾಕಲು ಹೋದರೆ ಲಿವರ್ ತಡೆಯುತ್ತಿತ್ತು, ಸ್ವಲ್ಪ ಒತ್ತಿದರೆ ‘ಕರ್ರ್’ ಅನ್ನುತ್ತಿತ್ತು. ಹತ್ತು ಮೈಲಿ ಓಡಿದ ಮೇಲೆ ಪರವಾಗಿಲ್ಲ ಅನ್ನುವಷ್ಟು ಸರಿಹೋಗುತ್ತಿತ್ತು. ನಿಂತ ಜಾಗದಲ್ಲಿ ರಿವರ್ಸ್ ಹಾಕಿದರೂ ಒಂದು ಸಣ್ಣ ಕಿರಿಕ್. ಗೇರ್ ಲಿವರ್ ಹಿಟ್ಟಿನಲ್ಲಿ ಕೋಲು ಆಡಿಸಿದ ಹಾಗೆ ಸಡಿಲವಾಗಿ ಅಲ್ಲಾಡುತ್ತಿತ್ತು, ಅದರ ಬುಡದಿಂದ ಬಿಸಿ ಗಾಳಿ ಬಂದು ಕೈಗೆ ತಾಗುತ್ತಿತ್ತು. ಸಾಲದ್ದಕ್ಕೆ ಐವತ್ತು ಮೈಲಿ ವೇಗ ದಾಟಿದರೆ ಹಿಂದಿನಿಂದ ‘ಊಂ’ ಅಂತ ಒಂದೇ ಸಮ ಸದ್ದು.

ಒಂದು ಗ್ಯಾರೇಜಿಗೆ ತೋರಿಸಿದೆ. ಒಂದು ಸುತ್ತು ಓಡಿಸಿ ನೋಡಿದರು. ಎರಡನೇ ಗೇರಿನ ಸಿಂಕ್ರೋ (ಗೇರು ಬೀಳುವ ಮೊದಲು ವೇಗ ಹೊಂದಿಸುವ ರಿಂಗು) ಹೋಗಿದೆ, ಗೇರ್ ಬಾಕ್ಸ್ ಇಳಿಸಿ ಬಿಚ್ಚಬೇಕು, ಎರಡೂವರೆ ಸಾವಿರ ಡಾಲರ್ ಆಗುತ್ತೆ, ಹಿಂದಿನ ಸದ್ದನ್ನು ಆಮೇಲೆ ನೋಡೋಣ ಅಂದರು. ಸಿಂಕ್ರೋ ಹೋದಾಗಲೂ ಲಕ್ಷಣಗಳು ಹೀಗೇ ಇರುತ್ತವೆ, ಆದ್ದರಿಂದ ಅವರ ಊಹೆ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ 31 ಸಾವಿರ ಮೈಲಿಗೆ ಸಿಂಕ್ರೋ ಹೋಗುತ್ತಾ? ಒಳಗಿರುವ ಆಯಿಲ್ ಹೇಗಿದೆ ಅಂತ ಒಂದು ಹನಿಯನ್ನೂ ನೋಡದೆ ಗೇರ್ ಬಾಕ್ಸ್ ಬಿಚ್ಚುವುದು ನನಗೆ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಮೇ ತಿಂಗಳು ಬಂತು, ಅಪ್ಪ ಅಮ್ಮ ಊರಿಂದ ಬಂದರು. ಅಪ್ಪ ಅರಸೀಕೆರೆ ಕಡೆಯ ರೈತರು. ನಲವತ್ತು ವರ್ಷ ಟ್ರ್ಯಾಕ್ಟರ್ ಮತ್ತು ಒಂದು ಹಳೆಯ ಮಹೀಂದ್ರಾ ಜೀಪನ್ನು ತಾವೇ ನೋಡಿಕೊಂಡವರು. ಮಜ್ದಾ ಅಂದ ತಕ್ಷಣ ಅವರಿಗೆ ನೆನಪಾಗಿದ್ದು ಸ್ವರಾಜ್ ಮಜ್ದಾ ಲಾರಿ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಹಿಂದಿನ ಆಕ್ಸಲ್ ನೋಡಿ, ಮೊದಲು ಕೇಳಿದ ಪ್ರಶ್ನೆಯೇ, “ಏನಪ್ಪಾ, ಇದರ ಹೌಸಿಂಗ್ ಆಯಿಲ್ ಯಾವಾಗ ಬದಲಾಯಿಸಿದ್ದು?” ಅಪ್ಪ ಹೌಸಿಂಗ್ ಅನ್ನುವುದು ಡಿಫರೆನ್ಶಿಯಲ್‌ಗೆ.

“ಬದಲಾಯಿಸೇ ಇಲ್ಲ ಅನ್ಸುತ್ತೆ ಅಪ್ಪ. ಗಾಡಿ ಜಾಸ್ತಿ ಓಡೇ ಇಲ್ವಲ್ಲ.”

“ಓಡದೇ ಇದ್ರೆ ಆಯಿಲ್‌ಗೆ ವಯಸ್ಸಾಗಲ್ವೇನೋ? ನಮ್ಮ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕ ಇತ್ತು, ಗಂಟೆ ತುಂಬದಿದ್ರೂ ಮಳೆಗಾಲ ಮುಗಿದ ಮೇಲೆ ಒಂದ್ಸಲ ತೆಗೆದು ನೋಡ್ತಿದ್ವಿ. ನೀರು ಕುಡಿದಿರುತ್ತೆ.”

ಕಡಿಮೆ ಓಡಿದ ಕಾರುಗಳ ವಿಷಯದಲ್ಲಿ ಎಲ್ಲರೂ ಮರೆಯುವ ಮಾತು ಇದೇ. ಗೇರ್ ಬಾಕ್ಸಿಗೂ ಡಿಫರೆನ್ಶಿಯಲ್‌ಗೂ ಮೇಲೊಂದು ಸಣ್ಣ ಉಸಿರುದಾರಿ ಇರುತ್ತೆ. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹೊರಗೆ ಹೋಗುತ್ತೆ, ನಿಂತು ತಣ್ಣಗಾದಾಗ ಹೊರಗಿನ ತೇವದ ಗಾಳಿ ಒಳಗೆ ಬರುತ್ತೆ. ದಿನಾ ದೂರ ಓಡುವ ಕಾರಿನಲ್ಲಿ ಆಯಿಲ್ ಚೆನ್ನಾಗಿ ಕಾದು ಆ ತೇವ ಹೊರಟುಹೋಗುತ್ತೆ. ವಾರಕ್ಕೊಮ್ಮೆ ಐಸ್‌ಕ್ರೀಮ್ ಅಂಗಡಿಯವರೆಗೆ ಹೋಗಿ ಬರುವ ಕಾರಿನಲ್ಲಿ ಆಯಿಲ್ ಅಷ್ಟು ಕಾಯುವುದೇ ಇಲ್ಲ. ಇನ್ನೊಂದು ವಿಷಯವೂ ಇದೆ. ಹೊಸ ಗೇರುಗಳ ಹಲ್ಲು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿಯೆಲ್ಲ ಮೊದಲ ಆಯಿಲ್‌ನಲ್ಲೇ ಸೇರುತ್ತೆ. ಆ ಮೊದಲ ಆಯಿಲ್ಲೇ 24 ವರ್ಷ ಇದ್ದರೆ ಪುಡಿಯೂ ಅಷ್ಟೇ ವರ್ಷ ಒಳಗೇ ಸುತ್ತುತ್ತಿರುತ್ತೆ.

ಆಗ ಒಂದು ತೀರ್ಮಾನ ಮಾಡಿದೆ. ಎಲ್ಲವನ್ನೂ ಒಂದೇ ದಿನ ಬದಲಾಯಿಸುವುದಿಲ್ಲ. ವಾರಕ್ಕೆ ಒಂದೇ ಕೆಲಸ, ಮಧ್ಯೆ ಒಂದು ವಾರ ಓಡಿಸಿ ನೋಡುವುದು. ಒಂದು ನೋಟ್‌ಬುಕ್ ಇಟ್ಟೆ. ದಿನಾ ಬೆಳಿಗ್ಗೆ ಎಷ್ಟು ಡಿಗ್ರಿ ಇತ್ತು, ಎರಡನೇ ಗೇರು ಸಲೀಸಾಗಿ ಬಿತ್ತಾ, ತಡೆಯಿತಾ, ಕರ್ರ್ ಅಂತಾ, ರಿವರ್ಸ್ ಹೇಗಿತ್ತು, ಎಲ್ಲ ಅದರಲ್ಲಿ ಬರೆದೆ. ಕಾರನ್ನು ಒಂದೇ ಸಲ ಎತ್ತಿ ಎಲ್ಲ ಮುಗಿಸುವುದು ಸುಲಭ, ನಿಜ. ಆದರೆ ಹಾಗೆ ಮಾಡಿದ್ದರೆ ಯಾವುದರಿಂದ ಏನು ಸರಿಹೋಯಿತು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮೊದಲು ಕ್ಲಚ್ ಫ್ಲೂಯಿಡ್. ಇದನ್ನು ಮೊದಲು ಮಾಡಲು ಒಂದು ಕಾರಣ ಇತ್ತು. ಕಾರು ನಿಂತಿರುವಾಗ, ಎಂಜಿನ್ ಓಡುತ್ತಿರುವಾಗ, ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಸುಮ್ನೆ ಕಾಯಿರಿ. ಆಮೇಲೆ ರಿವರ್ಸ್ ಹಾಕಿ. ಆಗಲೂ ಕಿರಿಕ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಎಂಜಿನ್ ಗೇರ್ ಬಾಕ್ಸಿನ ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಲೇ ಇರುತ್ತೆ, ಪಾಪ ಸಿಂಕ್ರೋ ಅದರ ಜೊತೆ ಗುದ್ದಾಡಬೇಕು. ನನ್ನ ಕಾರಿನಲ್ಲಿ ಕಾದು ಹಾಕಿದರೂ ಸಣ್ಣಗೆ ಕಿರಿಕ್ ಬರುತ್ತಿತ್ತು. ಅಂದರೆ ಎರಡನೇ ಗೇರಿನ ತೊಂದರೆಯಲ್ಲೂ ಕ್ಲಚ್ಚಿನ ಪಾಲು ಇರಬಹುದು ಅಲ್ವಾ?

ಈ ಕಾರಿನಲ್ಲಿ ಕ್ಲಚ್ಚಿಗೆ ಬ್ರೇಕಿನದ್ದಲ್ಲದ ಬೇರೆ ಒಂದು ಸಣ್ಣ ಡಬ್ಬಿ ಇದೆ. ಎರಡಕ್ಕೂ ಹಾಕುವುದು ಒಂದೇ ಬಗೆಯ ಫ್ಲೂಯಿಡ್, ಡಾಟ್ 3. ಬ್ರೇಕ್ ಸರ್ವಿಸ್ ಮಾಡಿದವರು ಪಕ್ಕದ ಈ ಪುಟ್ಟ ಡಬ್ಬಿಯನ್ನು ಮರೆಯುವುದು ತುಂಬಾ ಸಾಮಾನ್ಯ. ಮುಚ್ಚಳ ತೆಗೆದರೆ ಒಳಗಿದ್ದದ್ದು ನೋಡಲು ಕಾಫಿ ಡಿಕಾಕ್ಷನ್. ಹೊಸದು ತಿಳಿ ಜೇನಿನ ಬಣ್ಣಕ್ಕಿರುತ್ತೆ. ಈ ಫ್ಲೂಯಿಡ್ ಗಾಳಿಯಲ್ಲಿನ ನೀರನ್ನು ಹೀರುತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಅಂತ ನಿಯಮ, ನೀರು ಕುಡಿದ ಮೇಲೆ ಅದೇ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಕಪ್ಪು ಬಣ್ಣ ಬರುವುದು ಹೆಚ್ಚಾಗಿ ಒಳಗಿನ ರಬ್ಬರ್ ಸೀಲು ಸವೆದು ಕರಗುವುದರಿಂದ.

ಫ್ಲೂಯಿಡ್ಡಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸಿನ ಬಲಗಡೆ ಇದೆ. ಮುಂದಿನ ಬಲ ಚಕ್ರ ಬಿಚ್ಚಿ ಕೈ ಹಾಕಿದರೆ ಸಿಗುತ್ತೆ. ಅಪ್ಪ ಡ್ರೈವರ್ ಬಾಗಿಲು ತೆಗೆದು ಹೊರಗೆ ಒಂದು ಸ್ಟೂಲ್ ಹಾಕಿಕೊಂಡು ಕೂತು, ಪೆಡಲನ್ನು ಕೈಯಿಂದಲೇ ಒತ್ತಿದರು. ಎತ್ತಿದ ಕಾರಿನೊಳಗೆ ಯಾರೂ ಕೂರುವುದು ಬೇಡ ಅಂತ ಮೊದಲೇ ಮಾತಾಗಿತ್ತು. “ಒತ್ತಿ ಅಪ್ಪ,” “ಒತ್ತಿದೀನಿ,” ನಾನು ಸಿಲಿಂಡರಿನ ನಿಪ್ಪಲ್ (ಫ್ಲೂಯಿಡ್ ಹೊರಬಿಡುವ ಸಣ್ಣ ತಿರುಪು) ಸಡಿಲಿಸಿ ಬಿಗಿಮಾಡುವುದು, “ಬಿಡಿ,” ಮತ್ತೆ ಮೊದಲಿನಿಂದ. ನಿಪ್ಪಲ್ಲಿಗೆ ಹಾಕಿದ ಸಣ್ಣ ಪ್ಲಾಸ್ಟಿಕ್ ಪೈಪಿನಲ್ಲಿ ಮೊದಲು ಕರಿ ನೀರು, ನಡುವೆ ಮೂರ್ನಾಲ್ಕು ಸಲ ಗಾಳಿಗುಳ್ಳೆ, ಆಮೇಲೆ ತಿಳಿಯಾದದ್ದು ಬಂತು. ಮೇಲಿನ ಡಬ್ಬಿ ಪೂರ್ತಿ ಬರಿದಾಗದ ಹಾಗೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತೆ. ಸ್ಲೇವಿನ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿದೆ, ಒಳಗೆ ಒಣಗಿತ್ತು. ಒದ್ದೆ ಇದ್ದಿದ್ದರೆ ಸೀಲು ಸೋರುತ್ತಿದೆ ಅಂತ ಅರ್ಥ, ಬರೀ ಫ್ಲೂಯಿಡ್ ಬದಲಾಯಿಸಿ ಏನೂ ಉಪಯೋಗ ಇರುತ್ತಿರಲಿಲ್ಲ.

ಒಂದು ವಾರ ಓಡಿಸಿದೆ. ರಿವರ್ಸಿನ ಕಿರಿಕ್ ಪೂರ್ತಿ ನಿಂತಿತು. ಎರಡನೇ ಗೇರು ತಡೆಯುವುದು ಹಾಗೇ ಇತ್ತು, ಆದರೆ ಕರ್ರ್ ಅನ್ನುವುದು ಕಡಿಮೆಯಾಯಿತು.

ಮುಂದಿನ ಶನಿವಾರ ಗೇರ್ ಬಾಕ್ಸ್ ಆಯಿಲ್. ಯಾವ ಆಯಿಲ್ ಅನ್ನುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಲ್ಲೇ ಜಾಸ್ತಿ ಗೊಂದಲ. ಗೇರಿನ ಸಿಂಕ್ರೋ ರಿಂಗು ಹಿತ್ತಾಳೆಯದು. ಅದು ಗೇರಿನ ಪಕ್ಕದ ಕೋನಿನ ಮೇಲೆ ಒತ್ತಿ, ಉಜ್ಜಿ, ಎರಡರ ವೇಗವನ್ನೂ ಒಂದು ಮಾಡಬೇಕು. ಉಜ್ಜಬೇಕಾದರೆ ನಡುವಿನ ಆಯಿಲ್ ಪದರ ಸರಿದು ಜಾಗ ಬಿಡಬೇಕು. ಆಯಿಲ್ ಚಳಿಗೆ ಗಟ್ಟಿಯಾಗಿದ್ದರೂ ತೊಂದರೆ, ತೀರಾ ಜಾರುವ ಹಾಗಿದ್ದರೂ ತೊಂದರೆ. ಡಿಫರೆನ್ಶಿಯಲ್‌ನ ಅಗತ್ಯ ಬೇರೆ. ಅಲ್ಲಿ ಪಿನಿಯನ್ನು ಅನ್ನುವ ಚಿಕ್ಕ ಗೇರು ತಾನು ತಿರುಗಿಸುವ ದೊಡ್ಡ ಕ್ರೌನ್ ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತೆ, ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಭಾರೀ ಒತ್ತಡದಲ್ಲಿ ಜಾರುತ್ತವೆ. ಅದಕ್ಕೆ ಗಂಧಕ, ರಂಜಕ ಸೇರಿದ ಒತ್ತಡ ತಡೆಯುವ ರಾಸಾಯನಿಕ ಜಾಸ್ತಿ ಇರುವ ಆಯಿಲ್ ಬೇಕು, ಗೇರ್ ಆಯಿಲಿನ ದರ್ಜೆಗಳಲ್ಲಿ ಅದೇ ಜಿಎಲ್-5. ಜಿಎಲ್-4 ದರ್ಜೆಯಲ್ಲಿ ಆ ರಾಸಾಯನಿಕ ಕಡಿಮೆ.

ಮಜ್ದಾ ಕೈಪಿಡಿ ಈ ಗೇರ್ ಬಾಕ್ಸಿಗೆ ಎರಡರಲ್ಲಿ ಯಾವುದಾದರೂ ಸರಿ ಅನ್ನುತ್ತೆ, ಗಟ್ಟಿತನದ ನಂಬರು 75ಡಬ್ಲ್ಯೂ-90 ಆಗಿದ್ದರೆ ಆಯಿತು. ನಾನು ಜಿಎಲ್-4 ಆರಿಸಿದೆ, ರೆಡ್ ಲೈನ್ ಎಂಟಿ-90. ಜಿಎಲ್-5 ಹಾಕಿದರೆ ಹಿತ್ತಾಳೆ ಕೊರೆದುಹೋಗುತ್ತೆ ಅನ್ನುವ ಹೆದರಿಕೆ ಈಗಿನ ಒಳ್ಳೆಯ ಆಯಿಲ್‌ಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಆದರೆ ಸಿಂಕ್ರೋಗೆ ಹಿಡಿತ ಬೇಕು, ಜಾರು ಬೇಡ, ಅದು ನನ್ನ ಕಾರಣ. ಡಿಫರೆನ್ಶಿಯಲ್‌ಗೆ ಮಾತ್ರ ಆಯ್ಕೆಯೇ ಇಲ್ಲ, ಜಿಎಲ್-5ನ್ನೇ ಹಾಕಬೇಕು.

ಅಪ್ಪನಿಗೆ ಬಾಟಲಿ ಅಲ್ಲಾಡಿಸಿ ನೋಡಿ ಅನುಮಾನ ಬಂತು. “ಇದೇನೋ ಇಷ್ಟು ನೀರಾಗಿದೆ? 90 ಆಯಿಲ್ ಅಂದ್ರೆ ಜೋನಿಬೆಲ್ಲದ ಥರ ಇರಬೇಕು.” ಅವರು ನೋಡಿದ್ದು ಟ್ರ್ಯಾಕ್ಟರಿನ 90 ಮತ್ತು 140. ಅವು ತಣ್ಣಗಿದ್ದಾಗ ಬಹಳ ಗಟ್ಟಿ. ಎಂಜಿನ್ ಆಯಿಲಿನ ನಂಬರಿಗೂ ಗೇರ್ ಆಯಿಲಿನ ನಂಬರಿಗೂ ಅಳತೆ ಪಟ್ಟಿಯೇ ಬೇರೆ. 100 ಡಿಗ್ರಿ ಬಿಸಿಯಲ್ಲಿ ಅಳೆದರೆ ಗೇರಿನ 90 ಹೆಚ್ಚುಕಡಿಮೆ ಎಂಜಿನ್ನಿನ 40 ಅಥವಾ 50ರಷ್ಟೇ ಗಟ್ಟಿ. ಮುಂದೆ ಇರುವ 75ಡಬ್ಲ್ಯೂ ಅನ್ನುವುದು ಚಳಿಯ ಲೆಕ್ಕ, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದು ಒಂದು ಮಿತಿ ಮೀರಿ ಗಟ್ಟಿಯಾಗಬಾರದು. ಅರಸೀಕೆರೆಯಲ್ಲಿ ಆ ಭಾಗ ಯಾರಿಗೂ ಬೇಡ. ಮಿಶಿಗನ್‌ನಲ್ಲಿ ಅದೇ ಮುಖ್ಯ.

ಇನ್ನೊಂದು ಸಣ್ಣ ಕಿರಿಕಿರಿ. ಈ ಗೇರ್ ಬಾಕ್ಸ್ ಹಿಡಿಯುವುದು 2 ಲೀಟರ್, ಇಲ್ಲಿ ಬಾಟಲಿ ಬರುವುದು ಕ್ವಾರ್ಟ್ ಲೆಕ್ಕದಲ್ಲಿ, ಅಂದರೆ 0.946 ಲೀಟರ್. ಎರಡು ಬಾಟಲಿ ತಂದರೆ ನೂರು ಮಿಲಿಯಷ್ಟು ಕಡಿಮೆ ಬೀಳುತ್ತೆ. ಮೂರು ತರಬೇಕು. ಡಿಫರೆನ್ಶಿಯಲ್ ಹಿಡಿಯುವುದು 1 ಲೀಟರ್, ಅದಕ್ಕೂ ಒಂದು ಬಾಟಲಿ ಸಾಲದು.

ಕಾರು ಎತ್ತುವುದರಲ್ಲಿ ಅವಸರ ಮಾಡಲಿಲ್ಲ. ಮೊದಲು ಹದಿನೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗೆ ಮಾಡಿಕೊಂಡೆ. ಮುಂದೆ ಕ್ರಾಸ್ ಮೆಂಬರ್ ಅನ್ನುವ ಅಡ್ಡ ತೊಲೆಯ ನಡುವೆ ಜಾಕಿ, ಹಿಂದೆ ಡಿಫರೆನ್ಶಿಯಲ್ ಹೌಸಿಂಗಿನ ಕೆಳಗೆ ಜಾಕಿ. ನಾಲ್ಕೂ ಮೂಲೆಗೆ ಜಾಕ್ ಸ್ಟ್ಯಾಂಡ್ ಕೊಟ್ಟು ಕಾರನ್ನು ಮಟ್ಟವಾಗಿ ಕೂರಿಸಿದೆ. ಮಿಯಾಟಾದಲ್ಲಿ ಗೇರ್ ಬಾಕ್ಸಿನಿಂದ ಡಿಫರೆನ್ಶಿಯಲ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ ಇದೆ, ನೋಡಲು ಗಟ್ಟಿಮುಟ್ಟಾಗಿ ಕಾಣುತ್ತೆ. ಅದಕ್ಕೆ ಮಾತ್ರ ಜಾಕಿ ಕೊಡಬೇಡಿ, ಬಗ್ಗುತ್ತೆ. ಅಪ್ಪ ಸ್ಟ್ಯಾಂಡ್ ಮೇಲಿನ ಕಾರನ್ನು ನಾಲ್ಕೂ ಕಡೆಯಿಂದ ಹಿಡಿದು ಅಲ್ಲಾಡಿಸಿ, ಬಿಚ್ಚಿಟ್ಟಿದ್ದ ಚಕ್ರವನ್ನು ಬಾಗಿಲ ಕೆಳಗೆ ಮಲಗಿಸಿದ ಮೇಲೇ ನನಗೆ ಕೆಳಗೆ ಹೋಗಲು ಬಿಟ್ಟರು. ಕಾರು ಮಟ್ಟವಾಗಿರಲೇಬೇಕು, ಯಾಕೆಂದರೆ ಇದರಲ್ಲಿ ಅಳತೆ ಕಡ್ಡಿ ಇಲ್ಲ. ಪಕ್ಕದಲ್ಲಿ ಆಯಿಲ್ ತುಂಬುವ ಫಿಲ್ ಪ್ಲಗ್ಗಿನ ತೂತೇ ಮಟ್ಟ. ಅಲ್ಲಿಂದ ಹೊರಗೆ ಸುರಿಯಲು ಶುರುವಾದರೆ ತುಂಬಿತು ಅಂತ ಅರ್ಥ.

ಕೆಳಗೆ ಆಯಿಲ್ ಇಳಿಸುವ ಡ್ರೈನ್ ಪ್ಲಗ್ಗಿಗೆ ಕೈ ಹಾಕುವ ಮೊದಲೇ ಫಿಲ್ ಪ್ಲಗ್ ಬಿಚ್ಚಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಆಯಿಲ್ ಇಳಿಸಿದ ಮೇಲೆ ಮೇಲಿನ ಪ್ಲಗ್ ಬಿಚ್ಚಲು ಬರದಿದ್ದರೆ ಕಾರು ಗ್ಯಾರೇಜಿನಲ್ಲೇ ನಿಂತುಬಿಡುತ್ತೆ. ನನ್ನ ಕಾರಿನಲ್ಲಿ ಪ್ಲಗ್ಗುಗಳೆಲ್ಲ 24 ಎಂಎಂ. ಗೇರ್ ಬಾಕ್ಸಿನದು ಎರಡೂ ಸುಲಭವಾಗಿ ಬಂದವು.

ಇಳಿದ ಆಯಿಲನ್ನು ಅಳತೆ ಜಾರಿಗೆ ಹಾಕಿ ನೋಡಿದೆ, 1.7 ಲೀಟರ್. ಬಣ್ಣ ಗಾಢ ಕಂದು, ಕಪ್ಪಲ್ಲ. ಬಿಸಿಲಿಗೆ ಹಿಡಿದರೆ ಒಳಗೆ ಸಣ್ಣ ಚಿನ್ನದ ಬಣ್ಣದ ಮಿನುಗು. ಅದು ಸಿಂಕ್ರೋದ ಹಿತ್ತಾಳೆ. ಮಿನುಗು ಮಾತ್ರ ಇದ್ದರೆ ಗಾಬರಿ ಬೇಡ, ಚೂರುಗಳು ಕೈಗೆ ಸಿಕ್ಕಿದರೆ ಗ್ಯಾರೇಜಿನವರ ಮಾತೇ ನಿಜ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪು ಲೇಪ ಇತ್ತು. ಬೆರಳಲ್ಲಿ ತಿಕ್ಕಿದರೆ ಕಾಡಿಗೆಯ ಹಾಗೆ ಹರಡಿತು, ತರಿ ಸಿಗಲಿಲ್ಲ. ಹಲ್ಲಿನ ತುಂಡು, ಚಕ್ಕೆ ಏನೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಎಲ್ಲಕ್ಕಿಂತ ಸಮಾಧಾನ ಆದದ್ದು ಆ ಕ್ಷಣದಲ್ಲಿ. ಗೇರ್ ಬಾಕ್ಸ್ ಬಿಚ್ಚುವ ಅಗತ್ಯ ಇಲ್ಲ ಅಂತ ಆಗಲೇ ನಂಬಿಕೆ ಬಂತು.

ಬಾಟಲಿಯ ಬಾಯಿಗೆ ಸಿಕ್ಕಿಸುವ ಕೈ ಪಂಪಿನಿಂದ ಹೊಸ ಆಯಿಲ್ ಹತ್ತಿಸಿದೆ. ನಿಧಾನದ ಕೆಲಸ, ತೋಳು ನೋಯುತ್ತೆ. ಹೊಸ ವಾಷರ್ ಹಾಕಿ ಮುಚ್ಚಿದೆ. ಪ್ಲಗ್ಗು ಕೂತಿರುವುದು ಅಲ್ಯೂಮಿನಿಯಂ ಗೇರ್ ಬಾಕ್ಸಿನಲ್ಲಿ, ಶಕ್ತಿ ತೋರಿಸಿದರೆ ಥ್ರೆಡ್ ಹೋಗುತ್ತೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಬಳಸಿ.

ಆ ವಾರದ ನೋಟ್‌ಬುಕ್ ಪುಟ ಹೀಗಿದೆ. ಮೊದಲ ಎರಡು ದಿನ ಏನೂ ವ್ಯತ್ಯಾಸ ಇಲ್ಲ. ಮೂರನೇ ದಿನದಿಂದ ಎಂಜಿನ್ ಬಿಸಿಯಾದ ಮೇಲೆ ಎರಡನೇ ಗೇರು ಸಲೀಸು. ಕರ್ರ್ ಸದ್ದು ಒಂದು ಸಲವೂ ಇಲ್ಲ. ತಣ್ಣಗಿದ್ದಾಗ ಮೊದಲ ಒಂದೆರಡು ಮೈಲಿ ತಡೆ ಇನ್ನೂ ಇದೆ. ಲಿವರಿನ ಸಡಿಲ, ಬಿಸಿ ಗಾಳಿ, ಹಿಂದಿನ ಸದ್ದು ಎಲ್ಲ ಹಾಗೇ.

ಮೂರನೇ ವಾರ ಮಾಡಿದ ಕೆಲಸ ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಮತ್ತು ತುಂಬಾ ಜನ ಮಿಯಾಟಾ ಇಟ್ಟುಕೊಂಡವರಿಗೂ ಗೊತ್ತಿಲ್ಲದ್ದು. ಈ ಗೇರ್ ಬಾಕ್ಸಿನಲ್ಲಿ ಲಿವರಿನ ಬುಡಕ್ಕೆ ಬೇರೆಯೇ ಒಂದು ಪುಟ್ಟ ಆಯಿಲ್ ಬಾವಿ ಇದೆ. ಗೇರ್ ಬಾಕ್ಸಿನ ಆಯಿಲ್ ಅಲ್ಲಿಗೆ ಏರಿ ಬರುವುದಿಲ್ಲ. ಕೆಳಗಿನಿಂದ ಎಷ್ಟು ಸಲ ಆಯಿಲ್ ಬದಲಾಯಿಸಿದರೂ ಈ ಬಾವಿಗೆ ಹನಿಯೂ ತಲುಪುವುದಿಲ್ಲ. ಮೇಲಿನಿಂದಲೇ, ಕಾರಿನೊಳಗೆ ಕೂತು ಹಾಕಬೇಕು.

ಗೇರ್ ಲಿವರಿನ ಗುಂಡು ತಿರುಗಿಸಿ ತೆಗೆದು, ನಡುವಿನ ಕನ್ಸೋಲ್ ಎತ್ತಿದರೆ ಒಂದು ದೊಡ್ಡ ರಬ್ಬರ್ ಬೂಟು ಕಾಣುತ್ತೆ. ಅದರ ಕೆಳಗೆ ಮೂರು ಬೋಲ್ಟು, ಮತ್ತು ಒಂದು ಚಿಕ್ಕ ರಬ್ಬರ್ ಬೂಟು. ನನ್ನ ಕಾರಿನಲ್ಲಿ ಆ ಚಿಕ್ಕ ಬೂಟು ಸುತ್ತ ಹರಿದು ಎರಡು ತುಂಡಾಗಿತ್ತು. ಬಿಸಿ ಗಾಳಿ ಎಲ್ಲಿಂದ ಬರುತ್ತಿತ್ತು ಅಂತ ನೋಡಿದ ತಕ್ಷಣ ತಿಳಿಯಿತು. ಬೋಲ್ಟು ಬಿಚ್ಚಿ ಲಿವರ್ ಎತ್ತಿದೆ. ಬಾವಿಯ ತಳದಲ್ಲಿ ಒಂದು ಚಮಚದಷ್ಟು ಕರಿ ಅಂಟು, ಅಷ್ಟೇ. ಲಿವರಿನ ತುದಿಗೆ ಇರಬೇಕಾದ ನೈಲಾನ್ ಟೋಪಿ ಸೀಳಿ ತಿರುಗಿಕೊಂಡಿತ್ತು. ಕಾರು ಓಡಿದ್ದು ಕಡಿಮೆ ನಿಜ, ಆದರೆ ರಬ್ಬರಿಗೂ ನೈಲಾನಿಗೂ ಮೈಲಿ ಲೆಕ್ಕ ಗೊತ್ತಿಲ್ಲ, ಅವು 24 ವರ್ಷ ಎಕ್ಸಾಸ್ಟಿನ ಬಿಸಿ ತಿಂದು ಹಾಗಾಗಿವೆ.

ಅಂಟನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದೆ. ತೂತಿನಿಂದ ಕೆಳಗೆ ಏನೂ ಬೀಳದ ಹಾಗೆ ಎಚ್ಚರ ಇರಬೇಕು. ಹೊಸ ನೈಲಾನ್ ಟೋಪಿ, ಹೊಸ ಬೂಟುಗಳು, ಮೂರನೇ ಬಾಟಲಿಯಲ್ಲಿ ಉಳಿದಿದ್ದ ಎಂಟಿ-90ಯಿಂದ ಸುಮಾರು 90 ಮಿಲಿ. ಅಮ್ಮ ಔಷಧಿ ಕುಡಿಯಲು ಇಟ್ಟುಕೊಂಡಿದ್ದ ಅಳತೆ ಲೋಟದಂಥದ್ದೇ ಇನ್ನೊಂದನ್ನು ತಂದು ಅಳೆದೆ. ಎಲ್ಲ ಸೇರಿ ಒಂದೂವರೆ ಗಂಟೆ, ಕಾರನ್ನು ಎತ್ತುವ ಕೆಲಸವೂ ಇಲ್ಲ.

ಬೀದಿಯ ಕೊನೆಗೆ ಹೋಗುವಷ್ಟರಲ್ಲೇ ಗೊತ್ತಾಯಿತು. ಲಿವರ್ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ‘ಟಕ್’ ಅಂತ ಕೂರುತ್ತಿತ್ತು. ಸಡಿಲ ಇಲ್ಲ, ಬಿಸಿ ಗಾಳಿ ಇಲ್ಲ, ಕಾರಿನೊಳಗಿನ ಸದ್ದೂ ಕಡಿಮೆ. ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲೂ ಎರಡನೇ ಗೇರಿನ ತಡೆ ಮುಕ್ಕಾಲು ಪಾಲು ಹೋಗಿತ್ತು. ನನ್ನ ಕೈ ಎರಡನೇ ಗೇರಿನ ಕಡೆ ಎಳೆಯುವ ಶಕ್ತಿಯಲ್ಲಿ ಒಂದಷ್ಟು ಆ ಒಡೆದ ಟೋಪಿಯಲ್ಲೇ ಕಳೆದುಹೋಗುತ್ತಿತ್ತು. ಸಿಂಕ್ರೋಗೆ ಬೇಕಾದಷ್ಟು ಒತ್ತಡ ಸಿಗುತ್ತಲೇ ಇರಲಿಲ್ಲ. ಎರಡು ಲೀಟರ್ ಆಯಿಲ್ ಮಾಡಿದ್ದಕ್ಕಿಂತ ದೊಡ್ಡ ವ್ಯತ್ಯಾಸ ಈ 90 ಮಿಲಿ, ಒಂದು ನೈಲಾನ್ ಟೋಪಿ ಮತ್ತು ಎರಡು ರಬ್ಬರಿನಿಂದ ಬಂತು. ಎಲ್ಲವನ್ನೂ ಒಂದೇ ದಿನ ಮಾಡಿದ್ದರೆ ಈ ಹೆಸರು ದುಬಾರಿ ಗೇರ್ ಆಯಿಲ್‌ಗೆ ಹೋಗುತ್ತಿತ್ತು, ನಾನೂ ಎಲ್ಲರಿಗೂ ಹಾಗೇ ಹೇಳಿಕೊಂಡು ತಿರುಗುತ್ತಿದ್ದೆ.

ಜೂನ್ ಮೊದಲ ವಾರ ಡಿಫರೆನ್ಶಿಯಲ್. ಇದೇ ಕಷ್ಟ ಕೊಟ್ಟಿದ್ದು. ಫಿಲ್ ಪ್ಲಗ್ ಅಲ್ಲಾಡಲೇ ಇಲ್ಲ. ಹನ್ನೆರಡು ಮೂಲೆಯ ಸಾಕೆಟ್ ಹಾಕಿ ಎಳೆದಾಗ ಒಂದು ಸಲ ಜಾರಿ ಪ್ಲಗ್ಗಿನ ಅಂಚು ಸ್ವಲ್ಪ ಉರುಟಾಯಿತು. ಅಲ್ಲಿಗೇ ನಿಲ್ಲಿಸಿದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯೆಲ್ಲ ಬಿಟ್ಟು, ಮರುದಿನ ಆರು ಮೂಲೆಯ ಸಾಕೆಟ್ ತಂದೆ. ಅಪ್ಪ ಸುತ್ತಿಗೆಯಿಂದ ಪ್ಲಗ್ಗಿನ ತಲೆಗೆ ನೇರವಾಗಿ ನಾಲ್ಕು ಸಣ್ಣ ಏಟು ಹಾಕಲು ಹೇಳಿದರು, ಜೋರಾಗಿ ಅಲ್ಲ, ತುಕ್ಕಿನ ಹಿಡಿತ ಬಿಡುವಷ್ಟು. ಆಮೇಲೆ ಉದ್ದನೆಯ ಬಾರ್‌ಗೆ ಒಂದು ಪೈಪ್ ತೂರಿಸಿ ನಿಧಾನವಾಗಿ ಎಳೆದಾಗ ‘ಟಪ್’ ಅಂತ ಬಿಟ್ಟಿತು. ಅಲ್ಲಿಯವರೆಗೆ ಡ್ರೈನ್ ಪ್ಲಗ್ ಮುಟ್ಟಿರಲಿಲ್ಲ, ಆದ್ದರಿಂದ ಎರಡು ದಿನವೂ ಕಾರು ಓಡುವ ಸ್ಥಿತಿಯಲ್ಲೇ ಇತ್ತು. ಉರುಟಾದ ಪ್ಲಗ್ ಎಸೆದು ಹೊಸದು ಹಾಕಿದೆ.

ಇಳಿದ ಆಯಿಲ್ ನೋಡಿ ಅಪ್ಪ ಏನೂ ಹೇಳಲಿಲ್ಲ, ಸುಮ್ನೆ ತಲೆ ಆಡಿಸಿದರು. ಟಾರಿನಷ್ಟು ಕಪ್ಪು, ಗಂಧಕದ ಕೆಟ್ಟ ವಾಸನೆ. ಮ್ಯಾಗ್ನೆಟ್ ಮೇಲೆ ಬೆರಳು ದಪ್ಪದ ಬೂದು ಲೇಪ. ಇಲ್ಲೂ ತರಿ, ಚಕ್ಕೆ ಇರಲಿಲ್ಲ. ಮೊದಲ ದಿನಗಳ ಸವೆತವೆಲ್ಲ ಅಲ್ಲೇ ಕೂತಿತ್ತು. ಹೊಸ ಜಿಎಲ್-5 ಒಂದು ಲೀಟರ್ ಹಾಕಿದೆ.

ಹಿಂದಿನ ‘ಊಂ’ ಸದ್ದು? ಒಂದಿಷ್ಟೂ ಬದಲಾಗಲಿಲ್ಲ.

ಆಗ ನನಗೆ ಬೇಜಾರಾಯಿತು, ಕ್ರೌನ್ ಪಿನಿಯನ್ನೇ ಹೋಗಿದೆಯೇನೋ ಅಂತ. ಅಪ್ಪ ಪಕ್ಕದ ಸೀಟಿನಲ್ಲಿ ಕೂತು ಹೆದ್ದಾರಿಯಲ್ಲಿ ಕೇಳಿಸಿಕೊಂಡರು. ಆಕ್ಸಿಲರೇಟರ್ ಒತ್ತು ಅಂದರು, ಬಿಡು ಅಂದರು. ಒತ್ತಿದಾಗಲೂ ಬಿಟ್ಟಾಗಲೂ ಸದ್ದು ಒಂದೇ ಥರ. ಡಿಫರೆನ್ಶಿಯಲ್ ಸದ್ದಾಗಿದ್ದರೆ ಎಳೆಯುವಾಗ ಒಂದು, ಬಿಟ್ಟಾಗ ಇನ್ನೊಂದು ರಾಗ ಬರಬೇಕು, ಹಲ್ಲಿನ ಒತ್ತುವ ಮುಖ ಬದಲಾಗುತ್ತಲ್ಲ. ಕಾಂಕ್ರೀಟ್ ರಸ್ತೆ ಮುಗಿದು ಡಾಂಬರು ಬಂದಾಗ ಸದ್ದು ಇಳಿಯಿತು. “ಇದು ಹೌಸಿಂಗ್ ಅಲ್ಲ ಕಣೋ, ಟೈರು,” ಅಂದರು.

ಮನೆಗೆ ಬಂದು ಟೈರಿನ ಪಕ್ಕದ ಅಕ್ಷರ ಓದಿದೆ. ಕೊನೆಯ ನಾಲ್ಕು ಅಂಕಿ 2309. ಅಂದರೆ 2009ರ 23ನೇ ವಾರ ತಯಾರಾದದ್ದು, 14 ವರ್ಷ ಹಳೆಯದು. ಟೈರಿನ ಮೈಮೇಲಿನ ಗೆರೆಗಳು ಇನ್ನೂ ಆಳವಾಗಿದ್ದದ್ದರಿಂದ ಯಾರೂ ಬದಲಾಯಿಸಿರಲಿಲ್ಲ. ರಬ್ಬರ್ ಮಾತ್ರ ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿ, ಬದಿಯಲ್ಲಿ ಕೂದಲೆಳೆಯಂಥ ಬಿರುಕು. ಕಾರಿನ ಮಡಚುವ ಛಾವಣಿ ತೆಗೆದು ಅಪ್ಪ ಅಮ್ಮನನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಎಪ್ಪತ್ತು ಮೈಲಿ ವೇಗದಲ್ಲಿ ಈ ಟೈರಿನ ಮೇಲೆ ಓಡಿಸಿದ್ದೆ ಅನ್ನುವುದು ನೆನೆದರೆ ಈಗಲೂ ಮೈ ಜುಂ ಅನ್ನುತ್ತೆ. ಆ ವಾರವೇ 195/50 ಆರ್15 ಅಳತೆಯ ನಾಲ್ಕು ಹೊಸ ಟೈರ್ ಹಾಕಿಸಿದೆ. ಸದ್ದು ಹೋಯಿತು.

ಟೈರ್ ಬಿಟ್ಟು ಉಳಿದ ಎಲ್ಲ ಖರ್ಚು, ಆಯಿಲ್, ಫ್ಲೂಯಿಡ್, ವಾಷರ್, ಬೂಟು, ಪ್ಲಗ್, ಪಂಪ್ ಸೇರಿ 200 ಡಾಲರ್ ಒಳಗೆ. ಹಳೆಯ ಆಯಿಲನ್ನು ಬಿಡಿಭಾಗದ ಅಂಗಡಿಯವರು ದುಡ್ಡಿಲ್ಲದೆ ತೆಗೆದುಕೊಂಡರು. ಕ್ಲಚ್ ಫ್ಲೂಯಿಡನ್ನು ಆ ಡಬ್ಬಕ್ಕೆ ಸೇರಿಸಬಾರದು, ಸೇರಿಸಿದರೆ ಇಡೀ ಡಬ್ಬ ಕೆಡುತ್ತೆ. ಅದನ್ನು ಬೇರೆ ಬಾಟಲಿಯಲ್ಲಿ ಇಟ್ಟು ಊರಿನ ರಾಸಾಯನಿಕ ತ್ಯಾಜ್ಯದ ದಿನ ಕೊಟ್ಟೆ.

ಇಷ್ಟಾದರೂ ನನಗೆ ಒಂದು ಅನುಮಾನ ಉಳಿದಿತ್ತು. ತೊಂದರೆ ನೋಡಿದ್ದು ಏಪ್ರಿಲ್‌ನ ಮೂರು ಡಿಗ್ರಿಯಲ್ಲಿ, ಸರಿಹೋಗಿದೆ ಅಂದುಕೊಂಡಿದ್ದು ಜೂನ್‌ನ ಹದಿನೈದು ಡಿಗ್ರಿಯಲ್ಲಿ. ಬೇಸಿಗೆ ಬಂದರೆ ಆಯಿಲ್ ತಾನಾಗೇ ತೆಳ್ಳಗಾಗುತ್ತೆ, ಏನೂ ಮಾಡದಿದ್ದರೂ ಗೇರು ಸ್ವಲ್ಪ ಸಲೀಸಾಗುತ್ತಿತ್ತು. ಆದ್ದರಿಂದ ನೋಟ್‌ಬುಕ್ಕಿನಲ್ಲಿ ‘ಮುಗಿಯಿತು’ ಅಂತ ಬರೆಯದೆ ಚಳಿಗೆ ಕಾದೆ.

ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಎರಡು ಡಿಗ್ರಿ ಬಂತು. ಅಪ್ಪ ಅಮ್ಮ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಎಂಜಿನ್ ಶುರು ಮಾಡಿ, ಬಿಸಿಯಾಗಲು ಕಾಯದೆ, ಬೀದಿಗೆ ತಿರುಗಿ ಒಂದನೇ ಗೇರಿನಿಂದ ಎರಡಕ್ಕೆ ಹಾಕಿದೆ. ಗೇರು ಬೀಳುವ ಬಾಯಲ್ಲಿ ಸ್ವಲ್ಪ ತಡೆ, ಬೆರಳಲ್ಲೇ ಒತ್ತಿದರೆ ಬಿತ್ತು. ಸದ್ದಿಲ್ಲ. ಮೂರು ದಿನ ಬೆಳಿಗ್ಗೆ ಹಾಗೇ ನೋಡಿದೆ, ಮೂರೂ ದಿನ ಅದೇ. ಚಳಿಯಲ್ಲಿ ಉಳಿದ ಆ ಸ್ವಲ್ಪ ತಡೆ ಈ ಗೇರ್ ಬಾಕ್ಸಿನ ಸ್ವಭಾವವೇ ಅಂತ ಕಾಣುತ್ತೆ, ಕಡಿಮೆ ಓಡಿದ ಬೇರೆ ಮಿಯಾಟಾಗಳಲ್ಲೂ ಅದು ಇದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಅವರು ಕೇಳಿದ್ದು ಗೇರಿನ ವಿಷಯ ಅಲ್ಲ, “ಸೋರಿಕೆ ಏನಾದ್ರೂ ಇದೆಯಾ ನೋಡಿದ್ಯಾ?”

ನೋಡಿದೆ. ಡಿಫರೆನ್ಶಿಯಲ್ ಪೂರ್ತಿ ಒಣಗಿದೆ. ಗೇರ್ ಬಾಕ್ಸಿನ ಹಿಂದಿನ ಸೀಲಿನ ಹತ್ತಿರ ಒಂದು ತೆಳು ಒದ್ದೆ ಗುರುತು ಇದೆ, ನೆಲಕ್ಕೆ ಹನಿ ಬಿದ್ದಿಲ್ಲ. ಮೊದಲ ಸಲ ಎರಡರ ಬದಲು 1.7 ಲೀಟರ್ ಬಂದದ್ದಕ್ಕೆ ಇದೂ ಕಾರಣ ಇರಬಹುದು. ಒರೆಸಿ, ಮತ್ತೆ ಸೋರಿದರೆ ಗುರುತು ಕಾಣಲಿ ಅಂತ ಸೀಮೆಸುಣ್ಣದ ಪುಡಿ ಹಚ್ಚಿ ಬಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಕಾರು ಹೊರಗೆ ತೆಗೆಯುವ ಮೊದಲು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ಕೂರಿಸಿ, ಫಿಲ್ ಪ್ಲಗ್ ಬಿಚ್ಚಿ, ಬೆರಳು ಬಾಗಿಸಿ ಒಳಗೆ ಹಾಕಿ ನೋಡುತ್ತೇನೆ. ಬೆರಳಿಗೆ ಆಯಿಲ್ ತಾಗಿದರೆ ಹಾಗೇ ಮುಚ್ಚುತ್ತೇನೆ, ತಾಗದಿದ್ದರೆ ಸೀಲು ತರಿಸುತ್ತೇನೆ.